ಲಕೋಟೆಯೊಳಗಿನ ಸಂಖ್ಯೆ

ಹನ್ನೊಂದು ಗಂಟೆಗೆ ಎಲ್ಲರೆದುರು ಒಡೆಯಬೇಕಿದ್ದ ಲಕೋಟೆ ಆಗಲೇ ಒಡೆದಿತ್ತು. ಅರಗಿನ ಮುದ್ರೆ ಸೀಳಿ, ಮತ್ತೆ ಗೋಂದು ಹಚ್ಚಿ ಅಂಟಿಸಿದ್ದರು. ಒಳಗಿನ ಚೀಟಿ ಇದ್ದಲ್ಲೇ ಇತ್ತು.

ಕಳ್ಳರು ಏನನ್ನೂ ಒಯ್ದಿರಲಿಲ್ಲ. ಆದರೂ ಪುಣೆಯ ಆ ಪ್ರಯೋಗಾಲಯದ ಹದಿನೆಂಟು ತಿಂಗಳ ದುಡಿಮೆ ಹೋಗಿತ್ತು. ಅಣುಗಳ ಅಯಾನುಗಳನ್ನು ವಿದ್ಯುತ್ತಿನ ಬಲೆಯಲ್ಲಿ ಹಿಡಿದಿಟ್ಟು ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎಲೆಕ್ಟ್ರಾನು ಪೂರಾ ದುಂಡಗಿದೆಯೇ, ಇಲ್ಲವೇ ಅದರ ವಿದ್ಯುದಾವೇಶ ಒಂದು ಬದಿಗೆ ತುಸು ವಾಲಿದೆಯೇ? ದುಂಡಗಿದ್ದರೆ ಉತ್ತರ ಸೊನ್ನೆ. ಅಳೆಯುವವರ ಆಸೆ ಅಳತೆಗೆ ತಾಗಬಾರದೆಂದು, ಹೊರಗಿನವರೊಬ್ಬರು ಯಂತ್ರದ ಫಲಿತಾಂಶಕ್ಕೆ ಗುಟ್ಟಿನ ಸಂಖ್ಯೆಯೊಂದನ್ನು ಕೂಡಿಸಿ, ಅದನ್ನೇ ಚೀಟಿಯಲ್ಲಿ ಬರೆದಿಟ್ಟಿದ್ದರು. ಅದು ಗೊತ್ತಿಲ್ಲದೆ ಸೊನ್ನೆ ಯಾವ ಕಡೆಗಿದೆಯೆಂದು ಯಾರಿಗೂ ತಿಳಿಯದು.

ಲಕೋಟೆ ಇಟ್ಟಿದ್ದ ಕೋಣೆಗೆ ಹೋಗಿಬರುವವರು ಮೂವರು: ಮುಖ್ಯಸ್ಥೆ ನೀತಾ, ಸಂಶೋಧನಾ ವಿದ್ಯಾರ್ಥಿ ಸ್ವಪ್ನಿಲ್, ಕಸ ಗುಡಿಸುವ ಶರಣಮ್ಮ. ಬಡವರತ್ತ ಬೆರಳು ಬೇಗ ಏಳುತ್ತದೆ. ಶರಣಮ್ಮನ ಪಾಸನ್ನು ಆಗಲೇ ಕಸಿದುಕೊಂಡಿದ್ದರು.

ಭದ್ರತಾ ಅಧಿಕಾರಿ ಸಿದ್ದಲಿಂಗಪ್ಪ ಸದಾಶಿವ ಪೇಠದ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿದು ಬೆಳೆದವರು. ಅವಸರ ಅವರಿಗೆ ಒಗ್ಗದು.

"ಲಕೋಟೆ ಮುಟ್ಟಿದ್ಯೇನವ್ವ?" ಎಂದು ಶರಣಮ್ಮನನ್ನು ಕೇಳಿದರು.

"ಇಲ್ರಿ ಸಾಹೇಬ್ರ. ನನಗ ಅಕ್ಷರಾನ ಬರೂದಿಲ್ಲ. ಅಂಕಿ ಅಷ್ಟ ಬರ್ತಾವ."

"ಚೀಟ್ಯಾಗ ಇರೂದು ಅಂಕೀನ," ಎಂದರು ನೀತಾ.

ಶರಣಮ್ಮ ಕೈಮುಗಿದಳು. "ಈ ಕೆಲಸ ಹೋದ್ರ ಊರ ಹೊರಗ ಭೋಸರ್ಯಾಗ ಮತ್ತ ಇಟ್ಟಂಗಿ ಹೊರಬೇಕ್ರಿ."

ಸಿದ್ದಲಿಂಗಪ್ಪ ಸ್ವಪ್ನಿಲ್‌ನತ್ತ ತಿರುಗಿದರು. "ಕೆಟ್ಟ ಅಳತಿ ಬಂದ್ರ ಏನ ಮಾಡ್ತೀರಿ?"

"ಲೇಸರ್ ಅಲುಗಿದ್ರ, ನಿರ್ವಾತ ಕೆಟ್ಟಿದ್ರ, ಈ ವಹಿಯೊಳಗ ಅದಕ್ಕ ಗೀಟು ಹಾಕಿ, ಲೆಕ್ಕದಿಂದ ಬಿಟ್ಟು, ಸಹಿ ಮಾಡ್ತೀವ್ರಿ. ಒಂದೊಂದು ದಿನ ನಾನು, ಒಂದೊಂದು ದಿನ ಮೇಡಂ."

"ಗುಟ್ಟು ಹೆಂಗೂ ಬಯಲಾಗೇದ. ಆ ಸಂಖ್ಯೆ ಕಳದು ಸೊನ್ನೆ ಎಲ್ಲದ ತೋರಸ್ರಿ. ಗೀಟು ಹಾಕಿದ್ದನ್ನೂ ಗುರ್ತ ಮಾಡ್ರಿ."

ಸ್ವಪ್ನಿಲ್ ಪರದೆಯ ಮೇಲಿನ ನಕ್ಷೆಯಲ್ಲಿ ಗೀಟು ಹಾಕಿದ ಒಂದೊಂದು ಅಳತೆಗೂ ಕೆಂಪು ಚುಕ್ಕೆಯಿಡುತ್ತಾ ಹೋದ. ಅವನು ಬಿಟ್ಟ ಅಳತೆಗಳು ಸರಾಸರಿಯ ಎರಡೂ ಬದಿಗೆ ಚದುರಿದ್ದವು. ನೀತಾ ಬಿಟ್ಟವೂ ದೀಪಾವಳಿಯವರೆಗೆ ಹಾಗೆಯೇ. ಆಮೇಲಿನವು ಇಪ್ಪತ್ತಮೂರು — ಎಲ್ಲವೂ ಸೊನ್ನೆಯ ಕಡೆಗೇ ಬಿದ್ದವು. ಅವನ್ನು ಬಿಟ್ಟಿದ್ದರಿಂದ ಉಳಿದವುಗಳ ಸರಾಸರಿ ಸೊನ್ನೆಯಿಂದ ದೂರ ಸರಿದಿತ್ತು.

ಸ್ವಪ್ನಿಲ್‌ನ ಕೈ ನಿಂತಿತು.

"ಲೇಸರ್ ಅಲುಗಿದ್ರ ಎರಡೂ ಕಡೆ ಕೆಡ್ತದ," ಎಂದರು ಸಿದ್ದಲಿಂಗಪ್ಪ. "ತಕ್ಕಡಿ ನೋಡಬ್ಯಾಡ, ತೂಗಾವನ ಬೆರಳು ನೋಡು ಅಂತಿದ್ದ ನಮ್ಮಪ್ಪ. ಎಲ್ಲಾರೂ ಲಕೋಟೆ ನೋಡಿದ್ರಿ, ಈ ವಹಿ ಯಾರೂ ನೋಡಲಿಲ್ಲ. ಸೊನ್ನೆಯ ಕಡೀದನ್ನಷ್ಟ ಆರಿಸಿ ಒಗೀಬೇಕಂದ್ರ, ಸೊನ್ನೆ ಯಾವ ಕಡೆ ಅಂತ ಗೊತ್ತಿರಬೇಕು. ಶರಣಮ್ಮ ಗೀಟು ಹಾಕೂದಿಲ್ಲ. ಸಹಿ ನಿಮ್ಮದದ, ಮೇಡಂ."

ನೀತಾ ವಹಿಯಲ್ಲಿದ್ದ ತಮ್ಮ ಸಹಿಯ ಮೇಲೆ ಬೆರಳಿಟ್ಟರು.

"ದೀಪಾವಳಿಗೆ ಒಂದ ಸಲ ಒಡದು ನೋಡಿದೆ. ಸೊನ್ನೀನ ಬರೂದಿತ್ತು. ಅದನ್ನ ಬ್ಯಾರೇದವ್ರೂ ಕಂಡಾರ. ನಮ್ಮದನ್ನ ಯಾರು ಕೇಳ್ತಾರ?" ಅವರ ದನಿ ಇಳಿಯಿತು. "ಆದ್ರ ಗೀಟು ಹಾಕೂವಾಗ ಅವೆಲ್ಲ ಖರೇನ ಕೆಟ್ಟಾವ ಅಂತ ಅನಿಸಿತ್ರಿ."

ಸ್ವಪ್ನಿಲ್ ವಹಿ ಮುಚ್ಚಿದ. ಅವನ ಹದಿನೆಂಟು ತಿಂಗಳು ಅದರೊಳಗಿದ್ದವು.

ಅಳತೆ ಮತ್ತೆ ಮೊದಲಿನಿಂದ ಶುರುವಾಗಬೇಕಿತ್ತು. ಅದಕ್ಕೆ ಹೊಸ ಗುಟ್ಟು ಬೇಕು. ಸೊನ್ನೆ ಬಂದರೂ ಬಿಟ್ಟರೂ ಏನೂ ಆಗಬೇಕಿಲ್ಲದವರು ಯಾರು? ಸಿದ್ದಲಿಂಗಪ್ಪ ಪಾಸಿನ ಜೊತೆ ಒಂದು ಖಾಲಿ ಚೀಟಿಯನ್ನೂ ಶರಣಮ್ಮನ ಕೈಗಿತ್ತರು.

ಅವಳು ಗೋಡೆಗೆ ಮುಖಮಾಡಿ ಆರು ಅಂಕಿ ಬರೆದಳು. ಎಲ್ಲರೂ ಹೊರಗೆ ಹೋದ ಮೇಲೆ ಯಂತ್ರಕ್ಕೂ ತಾನೇ ಒತ್ತಿದಳು. ಚೀಟಿಯನ್ನು ಸೊಂಟದ ಎಲೆಯಡಿಕೆ ಸಂಚಿಯಲ್ಲಿ ಸಿಕ್ಕಿಸಿ, ಬಾಗಿಲಲ್ಲಿ ನಿಂತಿದ್ದ ನೀತಾರ ಮುಖ ನೋಡಿದಳು.

"ಯಾರ ಕೇಳಿದ್ರೂ ಹೇಳೂದಿಲ್ರಿ," ಎಂದಳು.