ಐದನೇ ಹೆಜ್ಜೆಯ ಅಳುಕು

"ಮಲಗೋಕೆ ಬಂದಿದೀರೇನ್ರೇ ಇಲ್ಲಿ? ಏಳ್ರೇ ಎಲ್ರೂ!"

ಪಿ.ಟಿ. ಮೇಡಂ ವಿಷಲ್ ಊದಿದ ರಭಸಕ್ಕೆ ಆಟದ ಹಾಲ್ ನಡುಗಿತು. ಹೈಜಂಪ್ ಕಲಿಯಬೇಕಾದ ಒಂಬತ್ತು ಹುಡುಗಿಯರು ಮ್ಯಾಟ್ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಪಕ್ಕದಲ್ಲಿ ಯಾರೋ ಅಪರಿಚಿತ, ನೋಟ್‌ಬುಕ್ ಹಿಡಿದು ಕೂತಿದ್ದ!

"ಶ್... ಅವರು ಮಲಗಿಲ್ಲ ಮೇಡಂ, ಜಿಗೀತಿದಾರೆ."

"ಓಹೋ! ಕನಸಿನಲ್ಲಾ?"

"ಮನಸ್ಸಲ್ಲಿ," ಅವನು ನಕ್ಕ. "ಒಂದೊಂದು ಹೆಜ್ಜೆನೂ ಕಣ್ಮುಂದೆ ತಂದ್ಕೊಂಡ್ರೆ ಮೈ ಬೇಗ ಕಲಿಯುತ್ತೆ. ಪಂದ್ಯದವರೆಗೆ ಕಲಿಸೋಕೆ ಹೆಡ್‌ಮಾಸ್ಟರ್ ಕರೆಸಿದಾರೆ."

ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಿಂಗಳ ಕೊನೆಯ ಪಂದ್ಯದಲ್ಲಿ ಒಬ್ಬಳಾದರೂ ಗೆಲ್ಲದಿದ್ದರೆ ಕೆಲಸ ಬಿಡಬೇಕೆಂದು ಹೆಡ್‌ಮಾಸ್ಟರ್ ಅವಳಿಗೆ ಮುಖಕ್ಕೇ ಹೇಳಿದ್ದರು. ನನ್ನ ಜಾಗಕ್ಕೆ ಆಗಲೇ ಇವನನ್ನು ತಂದು ಕೂರಿಸಿದರಾ...?

ಸಿಟ್ಟೇನೋ ಬಂತು, ಆದರೆ ಕುತೂಹಲ ಬಿಡಬೇಕಲ್ಲ! ದಿನಾ ಬಾಗಿಲ ಮರೆಯಲ್ಲಿ ನಿಂತು ಅವನ ಮಾತು ಕೇಳಿದಳು. 'ಮನಸ್ಸಿನ ಮೇಷ್ಟ್ರು' ಎಂದು ಹುಡುಗಿಯರು ಅವನಿಗೆ ಹೆಸರಿಟ್ಟಾಗಿತ್ತು. ಅವರ ಓಟವೂ ಚುರುಕಾಯಿತು.

ಆದರೆ ಇದೆಂಥ ವಿಚಿತ್ರ! ಒಂಬತ್ತೂ ಜನ ಸರಿಯಾಗಿ ಐದನೇ ಹೆಜ್ಜೆಗೆ ಅಳುಕುತ್ತಿದ್ದರು. ಜಿಗಿದಾಗಲೆಲ್ಲ ಅಡ್ಡಲಾಗಿಟ್ಟ ಬಾರ್ ಬೀಳುತ್ತಲೇ ಇತ್ತು.

ಒಂದು ದಿನ ಬೆಂಚಿನ ಮೇಲೆ ಅವನ ನೋಟ್‌ಬುಕ್ ತೆರೆದಿತ್ತು. ಅವಳು ಬಗ್ಗಿ ಓದಿದಳು: 'ತಪ್ಪು ಮೇಡಂ ಅವರಿಂದ ಬರುತ್ತಿದೆ.'

"ನನ್ನ ಮೇಲೆ ಚಾಡಿ ಬರೀತಿದೀರಾ? ನಾಚಿಕೆ ಆಗಲ್ವಾ ನಿಮಗೆ!"

ಅವನ ಮುಖ ಸಪ್ಪಗಾಯಿತು. "ಅಯ್ಯೋ, ಎಡವಟ್ಟು ಮಾಡಿದ್ದು ನಾನು. ನಿಮ್ಮ ಮೇಡಂ ಓಡಿ ತೋರಿಸೋದನ್ನೇ ನೆನೆಸ್ಕೊಳ್ಳಿ ಅಂತ ಅವರಿಗೆ ಹೇಳ್ಬಿಟ್ಟೆ. ನಿಮ್ಮ ಕಾಲು ಐದನೇ ಹೆಜ್ಜೇಲಿ ಅಳುಕುತ್ತೆ. ಅವರು ಅದನ್ನೂ ಕಲಿತ್ರು."

ಅವಳು ಬೆಂಚಿನ ಮೇಲೆ ಕೂತು ಮೊಣಕಾಲು ಸವರಿಕೊಂಡಳು.

"ಮೂರು ವರ್ಷದ ಹಿಂದೆ ಅದೇ ಹೆಜ್ಜೇಲಿ ಜಾರಿ ಮೊಣಕಾಲು ಮುರ್ಕೊಂಡೆ. ಇನ್ನೂ ಭಯ ಇದೆ ಅಂತ ಅಮ್ಮನಿಗೂ ಹೇಳಿಲ್ಲ..."

"ಕಣ್ಣು ಮುಚ್ಚಿ. ನಾನು ಎಣಿಸ್ತೀನಿ." ಅವನ ದನಿ ಮೆತ್ತಗಾಗಿತ್ತು. "...ನಾಲ್ಕು, ಐದು. ಏನ್ ಕಾಣುತ್ತೆ?"

"ಬೀಳೋದು."

"ಆಮೇಲೆ?"

ಆಮೇಲೆ? ಅದರಾಚೆಗೆ ಅವಳು ಎಂದೂ ನೋಡಿರಲೇ ಇಲ್ಲ!

"ಆಮೇಲೆ... ಎದ್ದೆ. ಹೌದಲ್ವಾ, ಎದ್ದೆನಲ್ಲ!" ಅವಳ ಕಣ್ಣಲ್ಲಿ ನೀರು ತುಂಬಿತು.

ಅಂದಿನಿಂದ ಇಬ್ಬರೂ ಬೆಳಿಗ್ಗೆ ಬೇಗ ಬಂದು ಎಣಿಸತೊಡಗಿದರು. ಆರನೇ ದಿನ ಅವಳು ತಡವರಿಸದೆ ಓಡಿ ಬಾರ್ ದಾಟಿದಳು. ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಆ ಜಿಗಿತವನ್ನೇ ಮತ್ತೆ ಮತ್ತೆ ನೆನೆದರು.

ಪಂದ್ಯದಲ್ಲಿ, ಆ ಒಂಬತ್ತು ಜನರಲ್ಲಿ ಎಲ್ಲರೂ 'ಕುಳ್ಳಿ' ಎಂದು ಛೇಡಿಸುತ್ತಿದ್ದ ಹುಡುಗಿಯೇ ಮೊದಲು ಬಂದಳು!

"ನಿಮ್ಮ ಕೆಲಸ ಉಳೀತಮ್ಮ," ಎಂದರು ಹೆಡ್‌ಮಾಸ್ಟರ್. "ಮನಸ್ಸಿನ ಮೇಷ್ಟ್ರದು ಇವತ್ತಿಗೆ ಮುಗೀತು."

ಅವಳು ಅಲ್ಲಿಂದ ಓಡಿದಳು. ಗೇಟಿನ ಹತ್ತಿರ ಅವನು ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದ. ಅವಳು ಏದುಸಿರು ಬಿಡುತ್ತಾ ಎದುರು ನಿಂತಳು.

"ಹೇಳದೇ ಹೋಗ್ತಿದೀರಾ?"

"ಹೇಳೋಕೆ ಹೋದ್ರೆ ಬಾಯೇ ಬರ್ಲಿಲ್ಲ. ನೀವು ಬೇಡ ಅಂದ್ರೆ ಅಂತ..."

"ಊರಿಗೆಲ್ಲಾ ಧೈರ್ಯ ಹೇಳೋರು! ನಿಮಗೇ ಭಯಾನಾ?"

"ತುಂಬಾ. ನಿಮ್ಮನ್ನ ಪ್ರೀತಿಸ್ತೀನಿ ಮೇಡಂ."

ಅವಳು ಅವನ ಹೆಗಲಿನ ಬ್ಯಾಗ್ ಕಿತ್ತು ತನ್ನ ಹೆಗಲಿಗೆ ಹಾಕಿಕೊಂಡಳು.

"ನಡೀರಿ, ಮನೆಗೆ ಹೋಗೋಣ. ಅಮ್ಮನಿಗೆ ಹೇಳ್ಬೇಕು."

"ಏನಂತ?"

"ಮೊದಲು ಭಯದ ವಿಷಯ," ಅವಳು ಕೆಂಪಾದಳು, "ಆಮೇಲೆ ನಿಮ್ಮ ವಿಷಯ."