ಹುಟ್ಟದ ಮಗಳ ಫೀಸು

ನೀರು ಮಂಡಳಿಯವರು, ನೀರು ಶುದ್ಧ ಮಾಡುವ ಫಿಲ್ಟರ್‌ಮನೆಯಲ್ಲಿದ್ದ ಫಿಲ್ಟರಣ್ಣನನ್ನು ಕೆಲಸದಿಂದ ತೆಗೆದರು. ಕ್ವಾರ್ಟರ್ಸಿನಿಂದ ಪಾತ್ರೆ ಪಗಡ ಹೊರಗಿಟ್ಟು ಬೀಗ ಜಡಿದರು. ಕೆಳಗಿನ ಬಡಾವಣೆಗೆ ಶುದ್ಧ ಮಾಡದ ನೀರು ಬಿಡುತ್ತಿರುವ ಸಂಗತಿಯನ್ನು ಹೊರಗಿನವರಿಗೆ ಹೇಳಿದ ಎಂಬುದು ಆರೋಪ. ಅವನು ಯಾರಿಗೂ ಹೇಳಿರಲಿಲ್ಲ.

ಈ ಸುದ್ದಿ ಹಿಡಿದು ಗುಬ್ಬಿ ಓಡಿ ಬಂದಾಗ ಪೊಲೀಸಕ್ಕ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದಳು. ಪೊಲೀಸಕ್ಕ ನಿಜವಾದ ಇನ್ಸ್‌ಪೆಕ್ಟರೇ. ನೀತಿಶಾಸ್ತ್ರ ಮತ್ತು ಸಾರ್ವಜನಿಕ ನೀತಿಯಲ್ಲಿ ಎಂ.ಎ. ಮಾಡಿಕೊಂಡು ಬಾ ಎಂದು ಇಲಾಖೆ ರಜೆ ಕೊಟ್ಟು ಕಳಿಸಿತ್ತು. ಠಾಣೆಯಲ್ಲಿ ನೀತಿಯ ಮಾತೆತ್ತಿದವರನ್ನು ಹೀಗೂ ಸಾಗಹಾಕುತ್ತಾರೆ. ಗುಬ್ಬಿ ಅದೇ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಆ ನೀರು ಕುಡಿದ ಬಡಾವಣೆಯ ಮಕ್ಕಳು ಭೇದಿ ಹಿಡಿದು ಮಲಗಿದ್ದರು. ಆ ನೀರಿನ ಮೇಲೇ ಅವಳ ಪ್ರಬಂಧ.

"ಅಕ್ಕಾ, ಆ ಮನುಷ್ಯನ ಕೆಲಸ ಹೋಗಿದ್ದು ನನ್ನಿಂದ."

"ಅವನೇ ನಿನಗೆ ಹೇಳಿದ್ದಾ?"

"ಅವನ ಮುಖಾನೂ ನೋಡಿಲ್ಲ. ಹೇಳಿದೋರು ಬೇರೆ. ಅವರ ಗುರುತು ಸಿಗಬಾರದು ಅಂತ ಪ್ರಬಂಧದಲ್ಲಿ ಅವರಿಗೆ ಬೇರೆ ವೇಷ ಹಾಕಿದೆ. ಫಿಲ್ಟರ್‌ಮನೆ ಕೆಲಸಗಾರ, ಎಡಗಾಲು ಎಳೆದು ನಡೀತಾನೆ ಅಂತ ಬರೆದೆ. ನಮ್ಮ ಓದಿನಲ್ಲಿ ಎಲ್ಲರೂ ಹಾಗೇ ಮಾಡೋದು. ಅಂಥವನೊಬ್ಬ ನಿಜವಾಗ್ಲೂ ಇದ್ದಾನೆ ಅಂತ ಯಾರಿಗೆ ಗೊತ್ತಿತ್ತು?"

"ಕಾಲಿನ ವಿಷಯ ಯಾರ್ಯಾರು ಕೇಳಿದ್ದಾರೆ?"

"ಸೆಮಿನಾರಲ್ಲಿ ಓದಿದೆನಲ್ಲ. ಇಡೀ ಕ್ಲಾಸೇ ಕೇಳಿದೆ."

ಪೊಲೀಸಕ್ಕ ಅರ್ಧ ಕುಡಿದ ಲೋಟ ಕೆಳಗಿಟ್ಟು ಎದ್ದಳು.

* * *

ತರಗತಿಯಲ್ಲಿ ಎಲ್ಲರ ಬೆರಳೂ ಅಳಿಯನತ್ತ. ಕೊನೆಯ ಬೆಂಚಿನವನು. ಮಂಡಳಿಯ ದೊಡ್ಡ ಎಂಜಿನಿಯರನ ಮಗಳ ಗಂಡ.

"ಮಾವನ ಕಿವಿಗೆ ಊದಿದ್ದು ನೀನೇನಾ?"

"ಮೇಡಂ, ಆ ಮನೇಲಿ ಸಾರಿಗೆ ಉಪ್ಪು ಕಡಿಮೆ ಅನ್ನೋಕೂ ನನಗೆ ಅಧಿಕಾರ ಇಲ್ಲ."

"ತಮಾಷೆ ಬೇಡ."

"ಅಲ್ಲ, ಸೆಮಿನಾರಲ್ಲಿ ನಾನು ಎಚ್ಚರ ಇದ್ದೆ ಅಂತ ಯಾರು ಹೇಳಿದ್ದು ನಿಮಗೆ?"

ಪಕ್ಕದವರು ನಕ್ಕರು. ಅವನ ಗೊರಕೆ ಪೊಲೀಸಕ್ಕನಿಗೂ ನೆನಪಿತ್ತು. ಆದರೆ ಗೊರಕೆ ನಟಿಸುವವರನ್ನು ಲಾಕಪ್ಪಿನಲ್ಲಿ ಬೇಕಾದಷ್ಟು ಕಂಡವಳು ಅವಳು. ಸಂಶಯ ಬಿಡಲಿಲ್ಲ.

* * *

ಬೀಗ ಬಿದ್ದ ಮನೆಯ ಎದುರಿಗೇ, ಗೋಡೆಗೆ ಟಾರ್ಪಾಲು ಕಟ್ಟಿಕೊಂಡು ಫಿಲ್ಟರಣ್ಣ, ಅವನ ಹೆಂಡತಿ ಕೂತಿದ್ದರು.

"ವಿಚಾರಣೇಲಿ ಏನು ಕೇಳಿದ್ರು ಅಣ್ಣ?"

"ಕಾಲು ನೋಡಿದ್ರು. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಆಮೇಲೆ, ಡಾಕ್ಟರಿ ಓದೋ ಮಗಳ ಫೀಸಿಗೆ ದುಡ್ಡು ಎಲ್ಲಿಂದ ಬಂತು, ಗುಟ್ಟು ಮಾರಿದ್ದಲ್ವಾ, ಅಂದ್ರು."

"ಮಗಳು ಎಲ್ಲಿ ಓದ್ತಿದ್ದಾಳೆ?"

ಫಿಲ್ಟರಣ್ಣ ತಲೆ ತಗ್ಗಿಸಿದ. ಹೆಂಡತಿ ಪಾತ್ರೆ ಮೂಟೆಯ ಗಂಟು ಬಿಗಿಯುತ್ತ ಹೇಳಿದಳು:

"ನಮಗೆ ಮಕ್ಕಳಿಲ್ಲ ಕಣಮ್ಮ. ಹೆತ್ತ ಮಕ್ಕಳು ಮನೆ ಮುಳುಗಿಸೋದು ಕೇಳಿದ್ದೆ. ನಮ್ಮ ಮನೇನ ಹುಟ್ಟದ ಮಗಳು ಮುಳುಗಿಸಿದಳು."

"ಮಕ್ಕಳಿಲ್ಲ ಅಂತ ಹೇಳಲಿಲ್ವಾ?"

"ಹೇಳ್ದೆ," ಎಂದ ಫಿಲ್ಟರಣ್ಣ. "ಮಗಳನ್ನೂ ಮುಚ್ಚಿಡ್ತೀಯಾ ಅಂದ್ರು."

ಪೊಲೀಸಕ್ಕ ಅಲ್ಲೇ ನಿಂತು ಗುಬ್ಬಿಗೆ ಫೋನು ಮಾಡಿದಳು. "ಮಗಳ ವಿಷಯ ಸೆಮಿನಾರಲ್ಲಿ ಓದಿದ ನೆನಪಿಲ್ಲ. ಯಾವಾಗ ಬರೆದೆ?"

ಆ ಕಡೆ ಹಾಳೆ ತಿರುವುವ ಸದ್ದಾಯಿತು.

"ಅಕ್ಕಾ, ಅದನ್ನ ಇನ್ನೂ ಬರೆದೇ ಇಲ್ಲ."

* * *

ಗುಬ್ಬಿಯ ಗೈಡ್ ಮೇಷ್ಟ್ರ ಕೋಣೆ. ಗೋಡೆ ತುಂಬ ನೀತಿಶಾಸ್ತ್ರದ ಪುಸ್ತಕ. ಪೊಲೀಸಕ್ಕ, ಗುಬ್ಬಿ, ಅವರ ಹಿಂದೆ ಫಿಲ್ಟರಣ್ಣ ದಂಪತಿ.

"ಕುಂಟು ಕಾಲು ಇಡೀ ಕ್ಲಾಸಿಗೆ ಗೊತ್ತಿತ್ತು ಸಾರ್," ಎಂದಳು ಪೊಲೀಸಕ್ಕ. "ಅಕ್ಕಪಕ್ಕದವರು ಚಾಡಿ ಹೇಳಿದ್ದರೆ ಇವರಿಗೆ ಮಕ್ಕಳಿಲ್ಲ ಅನ್ನೋದು ಅವರಿಗೆ ಗೊತ್ತಿರ್ತಿತ್ತು. ಅಳಿಯ ಹೇಳಿದ್ದರೆ ಬರೀ ಕಾಲಷ್ಟೇ ಹೇಳ್ತಿದ್ದ. ಮಗಳು ಹುಟ್ಟಿದ್ದು ಈ ಕೋಣೇಲಿ. ವೇಷಕ್ಕೆ ಕಾಲೊಂದೇ ಸಾಲದು, ಡಾಕ್ಟರಿ ಓದೋ ಮಗಳನ್ನೂ ಕೊಡು ಅಂತ ಇವಳಿಗೆ ಹೇಳಿದ್ದು ನೀವು. ಕೇಳಿದ್ದು ಇವಳೊಬ್ಬಳೇ. ಇವಳು ಬರೆಯೋಕೆ ಮುಂಚೆ ಆ ಮಗಳು ಮಂಡಳಿಗೆ ಹೋಗಿ ಕೂತಿದ್ದಳು. ಮಂಡಳಿಯ ಸಲಹೆಗಾರರ ಕುರ್ಚಿಯೂ ನಿಮ್ಮದೇ ಅಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ದನಿ ಪಾಠ ಹೇಳುವಾಗಿನಷ್ಟೇ ಮೆತ್ತಗಿತ್ತು.

"ಗುಟ್ಟು ಹೊರಬಿದ್ದಿದೆ ಅಂತ ಮಂಡಳಿಯವರಿಗೆ ಗೊತ್ತಾಗಿತ್ತು, ಅವರಿಗೆ ಯಾರಾದರೊಬ್ಬ ಬೇಕಿತ್ತು. ಸಿಗದಿದ್ದರೆ ಎಲ್ಲರನ್ನೂ ಜಾಲಾಡ್ತಿದ್ದರು, ನಿಜವಾದವರು ಸಿಕ್ಕಿಬೀಳ್ತಿದ್ದರು. ಅದಕ್ಕೆ ಇಲ್ಲದವನೊಬ್ಬನನ್ನು ಕೊಟ್ಟೆ. ದೊಡ್ಡ ಕೇಡು ತಪ್ಪಿಸೋಕೆ ಚಿಕ್ಕದೊಂದು ಸುಳ್ಳು. ಇಲ್ಲದವನಿಗೆ ಕಾಲಿರುತ್ತೆ ಅಂತ ನನಗೇನು ಗೊತ್ತು?"

"ಇವರನ್ನ ಬೀದಿಗೆ ಹಾಕಿದ ಮೇಲೆ ಗೊತ್ತಾಯ್ತಲ್ಲ?"

ಮೇಷ್ಟ್ರು ಫೋನೆತ್ತಿ ಯಾರೊಂದಿಗೋ ಪಿಸುಗುಟ್ಟಿದರು. ಆಮೇಲೆ ಬಿಳಿ ಹಾಳೆಯ ಮೇಲೆ ತಾವೇ ಎರಡು ಸಾಲು ಬರೆದು ಫಿಲ್ಟರಣ್ಣನ ಮುಂದೆ ಸರಿಸಿದರು.

"ನಾಳೆಯಿಂದಲೇ ಕೆಲಸಕ್ಕೆ ಹೋಗಪ್ಪ. ಬೀಗದ ಕೈಯೂ ಕೊಡ್ತಾರೆ. 'ನಾನು ಯಾರಿಗೂ ಏನೂ ಹೇಳಿಲ್ಲ, ನೀರಿನಲ್ಲಿ ದೋಷ ಇಲ್ಲ.' ಇಷ್ಟಕ್ಕೆ ಸಹಿ ಹಾಕು. ಇನ್ಸ್‌ಪೆಕ್ಟರೇ, ಸಾಕ್ಷಿಗೆ ನಿಮ್ಮದೂ ಒಂದು ಸಹಿ ಇರಲಿ. ನಿಮ್ಮ ಕೊನೇ ಪರೀಕ್ಷೆಯ ಅಂಕ ಇನ್ನೂ ಕಳಿಸಿಲ್ಲ."

ಪೊಲೀಸಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಮನೆ ಕೊಡ್ತಾರಂತೆ ಕಣ್ರೀ," ಎಂದಳು ಹೆಂಡತಿ, ತಗ್ಗಿದ ದನಿಯಲ್ಲಿ.

ಫಿಲ್ಟರಣ್ಣ ಪೆನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ.

"ಮೊದಲನೇ ಸಾಲು ನಿಜ ಸ್ವಾಮಿ. ಯಾರಿಗೂ ಹೇಳಿಲ್ಲ. ಆ ನೀರಿನ ವಾಸನೆ ದಿನಾ ಮೂಗಿಗೆ ಹೊಡೀತಿತ್ತು. ವಾಲ್ವು ತಿರುಗಿಸಿದ್ದೂ ಇದೇ ಕೈ. ಬಾಯಿ ಮುಚ್ಕೊಂಡಿದ್ರೆ ಅನ್ನ ಉಳಿಯುತ್ತೆ ಅಂದ್ಕೊಂಡಿದ್ದೆ."

"ಈಗಲೂ ಉಳಿಯುತ್ತೆ. ಸಹಿ ಹಾಕು."

"ಹಾಕಲ್ಲ."

ಪೆನ್ನನ್ನು ಮೇಷ್ಟ್ರ ಕಡೆಗೇ ಉರುಳಿಸಿದ. ಹೆಂಡತಿ ಕಣ್ಣು ಮುಚ್ಚಿಕೊಂಡಳು, ತಡೆಯಲಿಲ್ಲ.

"ಶಿಕ್ಷೆ ಮೊದಲೇ ಉಂಡಾಯ್ತು. ತಪ್ಪು ಮಾಡೋದೊಂದು ಬಾಕಿ ಇತ್ತು. ಅದನ್ನೂ ಮಾಡಿಬಿಡ್ತೀನಿ." ಅವನು ಗುಬ್ಬಿಯತ್ತ ತಿರುಗಿ, ಎಡಗಾಲು ಎಳೆದುಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ಬರ್ಕೊಳ್ಳಮ್ಮ, ಹೇಳ್ತೀನಿ. ಕಾಲು ಹಾಗೇ ಇರಲಿ. ಆ ಮಗಳನ್ನ ತೆಗೆದುಬಿಡು."