ಬೋಳುತಲೆಯ ದೇವತೆ ಮತ್ತು ಎರಡು ಕೆಂಪು ಗುರುತು

ಸ್ವೀಡನ್ನಿನ ಸೋಲ್ನಾದಲ್ಲಿ ಕೂತು ನಾನೊಮ್ಮೆ ಮೂಗೆಳೆದರೆ ಸಾಕು, ಮಾಲ್ಮೋದಲ್ಲಿ ಅಡಗಿದ ಕಳ್ಳ ಬೆವತು ಪೊಲೀಸರಿಗೆ ಶರಣಾಗುತ್ತಾನೆ. ಹೀಗೆ ನಾನೂರು ಜನ ಒಳಗಿದ್ದಾರೆ. ಇದು ನಾನೂರ ಒಂದನೆಯ ಕೇಸು.

ಡಿಸೆಂಬರ್. ಮಧ್ಯಾಹ್ನ ಮೂರಕ್ಕೇ ಹೊರಗೆ ಕತ್ತಲು. ಹಳೆಯ ನಾಟಕಚಿತ್ರಗಳ ನಮ್ಮ ಪುಟ್ಟ ಸಂಗ್ರಹಾಲಯದಲ್ಲಿ ಮುಖ್ಯಸ್ಥೆ ಇಂಗ್ರಿಡ್ ಕಿರುಚಿದಳು.

"ಚೌಕಟ್ಟು ಖಾಲಿ!"

ಹೋದದ್ದು ಹದಿನೆಂಟನೆಯ ಶತಮಾನದ ಗೇಲಿಚಿತ್ರ. ದೇವತೆಯ ಪಾತ್ರದ ನಟಿ ಹಗ್ಗಕ್ಕೆ ಕಟ್ಟಿದ ಮೋಡದಲ್ಲಿ ರಂಗಕ್ಕಿಳಿಯುತ್ತಿದ್ದಾಳೆ. ಅವಳ ಟೋಪನ್ ರಾಟೆಗೆ ಸಿಕ್ಕಿ ಬೋಳುತಲೆ ಬಯಲಾಗಿದೆ. ಕೆಳಗೆ ಪ್ರೇಕ್ಷಕರು ಹಲ್ಲು ಕಿಸಿದಿದ್ದಾರೆ.

"ಬೆಳಗ್ಗೆ ನಾನೇ ನೋಡಿದ್ದೆ" ಎಂದಳು ಇಂಗ್ರಿಡ್.

ನಾನು, ಹಯವದನ ಭಟ್, ಅಲ್ಲಿ ಚಿತ್ರಗಳನ್ನು ಸ್ಕ್ಯಾನ್ ಮಾಡುವವನು. ತಕ್ಷಣ ಮುಂದೆ ಬಂದೆ. "ಕಿಟಕಿ ಒರೆಸುವವನದೇ ಕೆಲಸ!"

"ಅವನು ಬಂದದ್ದು ಹೋದ ವಾರ."

ಗೋಡೆಯ ಮೇಲಿನ ನಟನಟಿಯರೆಲ್ಲ ನನ್ನನ್ನೇ ನೋಡಿ ನಕ್ಕಂತಾಯಿತು.

* * *

ಚಿತ್ರ ಸಿಕ್ಕಿದ್ದು ಕ್ಲೋಟಿಲ್ಡಾಳ ಕಪಾಟಿನಲ್ಲಿ, ಒತ್ತುಕಾಗದಗಳ ನಡುವೆ. ಕ್ಲೋಟಿಲ್ಡಾ ಮಂಗಳೂರಿನವಳು, ಹರಿದ ಕಾಗದ ರಿಪೇರಿ ಮಾಡುವವಳು. ಚಿತ್ರದ ಮೂಲೆಯಲ್ಲಿ ಅರ್ಧ ಹೆಜ್ಜೆಗುರುತು. ಅದರ ಮೇಲೇ ಎರಡು ಕೆಂಪು ಗುರುತು.

"ರಕ್ತ!" ಇಂಗ್ರಿಡ್ ಹಿಂದೆ ಸರಿದಳು. ದೂರು ಬರೆಯಲು ಲ್ಯಾಪ್‌ಟಾಪ್ ತೆರೆದಳು.

ಕ್ಲೋಟಿಲ್ಡಾ ನನ್ನ ತೋಳು ಹಿಡಿದಳು. "ಭಟ್ರೇ, ಈ ಕೆಲಸ ಹೋದ್ರೆ ಇಲ್ಲಿರುವ ಪರ್ಮಿಟ್ಟೂ ಹೋಗ್ತದೆ. ಮಗಳು ಮೆಲಿಸಾನ ಡಾಗಿಸ್, ಆ ಶಿಶುವಿಹಾರ, ಬಿಡಿಸಿ ಊರಿಗೆ ಹೋಗ್ಬೇಕಾ? ಅವಳಿಗೆ ನನ್ನ ಭಾಷೆಗಿಂತ ಸ್ವೀಡಿಶೇ ಜಾಸ್ತಿ ಬರುವುದು, ಮಾರಾಯ್ರೇ."

"ಧೈರ್ಯವಾಗಿರಿ ಕ್ಲೋಟಿಲ್ಡಕ್ಕ. ನಾನಿದ್ದೇನಲ್ಲ."

ಅವಳು ಭೂತಗನ್ನಡಿ ಹಿಡಿದು ಕಾಗದದ ಮೇಲೆ ಬಗ್ಗಿದಳು. ಎಷ್ಟೋ ಹೊತ್ತು ಏಳಲಿಲ್ಲ.

* * *

"ರಕ್ತ ಒಣಗಿದ್ರೆ ಕಂದಾಗ್ತದೆ" ಎಂದಳು ಕ್ಲೋಟಿಲ್ಡಾ ಕೊನೆಗೆ. "ಇದು ಪುಡಿ. ಕುಂಕುಮ."

ಇಂಗ್ರಿಡ್‌ಗೆ ಅರ್ಥವಾಗಲಿಲ್ಲ.

"ಇಲ್ಲಿಯವರು ಕಾಗದ ತುಳಿದ್ರೆ ಒರೆಸ್ತಾರೆ. ನಮ್ಮವರು ತುಳಿದಲ್ಲೇ ಮುಟ್ಟಿ ಹಣೆಗೊತ್ತಿಕೊಳ್ತಾರೆ. ಮತ್ತೆ ಮುಟ್ತಾರೆ, ಮತ್ತೆ ಒತ್ತಿಕೊಳ್ತಾರೆ. ಹಣೆಯದ್ದು ಕಾಗದಕ್ಕೆ ಬಂದದ್ದು ಹಾಗೆ. ನಾನು ಕುಂಕುಮ ಇಡುವವಳಲ್ಲ." ನನ್ನ ಕಡೆ ತಿರುಗಿದಳು. "ಬೆಳಗ್ಗೆ ಫೀಕಾ ಬಿಡುವಿಗೆ ಎಲ್ಲರೂ ಕಾಫಿ ಹಿಡಿದು ಕೂತಿದ್ದೆವು. ನೀವೊಬ್ಬರು ಮಾತ್ರ ಏಕಾದಶಿ ಅಂತ ಬರಲಿಲ್ಲ. ಮೊನ್ನೆಯೂ ಏಕಾದಶಿಯೇ ಅಂದಿದ್ರಲ್ಲ, ಭಟ್ರೇ?"

ನನ್ನ ಕೈ ತಾನಾಗಿ ಹಣೆಗೆ ಹೋಯಿತು. ಕುಂಕುಮ ಹುಬ್ಬಿನವರೆಗೂ ಹರಡಿತ್ತು.

ಇನ್ನು ಬಚ್ಚಿಡುವುದೇನಿದೆ? ಕನ್ನಡ ಸಂಘದ ವಾಟ್ಸ್ಯಾಪ್ ಗ್ರೂಪಿಗೆ, "ಇನ್ನೂರೈವತ್ತು ವರ್ಷದ ಚಿತ್ರ ನನ್ನ ಕೈಯಲ್ಲಿ" ಎಂದು ಫೋಟೋ ಹಾಕಬೇಕಿತ್ತು. ಚೌಕಟ್ಟು ಬಿಚ್ಚಿದೆ. ಚಿತ್ರ ಜಾರಿತು, ಹಿಡಿಯಲು ಹೋಗಿ ತುಳಿದೆ. ಸರಸ್ವತಿಯನ್ನು ತುಳಿದೆನಲ್ಲ! ಕೈ ಅದರ ಪಾಡಿಗೆ ಮೂರು ಸಲ ನಮಸ್ಕಾರ ಮಾಡಿತು; ಮೊದಲ ಸಲ ಬೆರಳು ಚೊಕ್ಕಟ, ಮುಂದಿನ ಎರಡು ಸಲ ಕುಂಕುಮ. ಅಷ್ಟರಲ್ಲಿ ಹೆಜ್ಜೆ ಸಪ್ಪಳ. ಬೀಗವಿಲ್ಲದ ಹತ್ತಿರದ ಕಪಾಟಿಗೆ ತುರುಕಿದೆ. ಅದು ಯಾರದು ಎಂದು ಆಗ ಯೋಚಿಸಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.

ಇಂಗ್ರಿಡ್ ದೂರಿನಲ್ಲಿದ್ದ ಹೆಸರು ಅಳಿಸಿ ನನ್ನ ಹೆಸರು ಬರೆದಳು. ಕ್ಲೋಟಿಲ್ಡಾ ಅಲ್ಲೇ ಕುರ್ಚಿಗೆ ಕುಸಿದು ಅತ್ತುಬಿಟ್ಟಳು.

ಆ ನಾನೂರು ಕಳ್ಳರೂ ಸುಳ್ಳು. ಜೀವಮಾನದಲ್ಲಿ ನಾನು ಹತ್ತಿರದಿಂದ ಬಲ್ಲ ಕಳ್ಳ ಒಬ್ಬನೇ. ಅವನನ್ನು ಹಿಡಿದದ್ದೂ ನಾನಲ್ಲ.